ಕೈಗಡದ ಓಣಿ

ನಮ್ಮ ಓಣಿಯ ಯಾವ ಮನೆಗೆ ಎಷ್ಟು ಆದಾಯ ಎಂದು ಒಂದು ಕಾಲಕ್ಕೆ ನಾನು ಬಾಯಿಪಾಠ ಒಪ್ಪಿಸುತ್ತಿದ್ದೆ. ಗ್ರಾಮೀಣ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಅದೇನು ದೊಡ್ಡ ವಿದ್ಯೆಯಲ್ಲ ಬಿಡಿ. ಆದರೆ ಬ್ಯಾಂಕಿನ ಮೆಟ್ಟಿಲನ್ನು ಒಂದು ದಿನವೂ ಹತ್ತದ ನಮ್ಮವ್ವನಿಗೆ ನನಗಿಂತ ಮೊದಲೇ ಅದೆಲ್ಲ ಗೊತ್ತಿತ್ತು. ಯಾರ ಮಾಳಿಗೆಯ ಗವಾಕ್ಷಿಯಿಂದ ಎಷ್ಟೊತ್ತಿಗೆ ಹೊಗೆ ಎದ್ದಿತು, ಯಾರ ಮನೆಯ ರೊಟ್ಟಿ ತಟ್ಟುವ ಸದ್ದು ಇವತ್ತು ಕೇಳಲಿಲ್ಲ, ಯಾರ ಕೂಸು ಊಟದ ಹೊತ್ತಿಗೆ ಸರಿಯಾಗಿ ನಮ್ಮ ಪಡಸಾಲೆಗೆ ಆಡಲು ಬಂತು, ಇಷ್ಟರಲ್ಲೇ ಆಕೆ ಓಣಿಯ ಜಮಾಖರ್ಚು ಮುಗಿಸಿಬಿಡುತ್ತಿದ್ದಳು. ಬ್ಯಾಂಕಿನ ಲೆಡ್ಜರು ಸಂಜೆ ತಾಳೆಯಾಗದೆ ನಾವು ರಾತ್ರಿ ಎಂಟರವರೆಗೆ ಕೂತದ್ದುಂಟು. ಅವ್ವನ ಅಂದಾಜು ತಾಳೆಯಾಗದೆ ಹೋದದ್ದನ್ನು ನಾನು ಕಾಣೆ.

ಇದನ್ನೆಲ್ಲ ಈಗ ತೆಗೆಯಲು ಕಾರಣ, 2025ರ ಸೆಪ್ಟೆಂಬರ್ 22ರಿಂದ ಶುರುವಾದ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ. ನಮ್ಮ ಓಣಿಗೆ ಬಂದವರು ಒಬ್ಬ ಮೇಷ್ಟ್ರು. ದಸರಾ ರಜೆ ಹೋದ ಬೇಸರ ಮುಖದಲ್ಲಿತ್ತು, ಕೈಯಲ್ಲಿ ಮೊಬೈಲು, ಅದರೊಳಗೆ 60 ಪ್ರಶ್ನೆ. ಮನೆಗಳನ್ನು ಅವರು ಗುರುತು ಹಿಡಿಯುತ್ತಿದ್ದುದು ಕರೆಂಟಿನ ಮೀಟರಿನಿಂದ. ಮೀಟರಿತ್ತು, ಮನೆಯೂ ಇತ್ತು, ಬಾಗಿಲು ತೆಗೆಯುವವರು ಇರಲಿಲ್ಲ. ನಾಲ್ಕೈದು ಬೀಗ ನೋಡಿದ ಮೇಲೆ ನನ್ನ ಕಟ್ಟೆಗೆ ಬಂದು ಕೂತರು.

"ಯಜಮಾನ್ರೇ, ಈ ಮನೆಗಳಾಗೆ ಯಾರೂ ಇರೋದಿಲ್ವಾ?"

"ಇರ್ತಾರೆ ಮೇಷ್ಟ್ರೇ. ಬೆಂಗಳೂರಾಗೆ ಇರ್ತಾರೆ."

ಎದುರು ಮನೆಯ ಅಜ್ಜಿ ಮಾತ್ರ ಸಿಕ್ಕಳು. ಮೇಷ್ಟ್ರು ಒಂದೊಂದೇ ಕೇಳುತ್ತ ಕುಟುಂಬದ ವಾರ್ಷಿಕ ಆದಾಯಕ್ಕೆ ಬಂದರು. ಅಜ್ಜಿ ಬಹಳ ಹೊತ್ತು ಯೋಚನೆ ಮಾಡಿ, "ಯಾರ್ದಪ್ಪಾ? ನಂದಾ, ನನ್ ಮಗಂದಾ?" ಎಂದಳು. ಮೇಷ್ಟ್ರು ನನ್ನ ಮುಖ ನೋಡಿದರು. ಅಜ್ಜಿಯದು ಅಂದರೆ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ, ಸಂಧ್ಯಾ ಸುರಕ್ಷಾದ 1,200. ಮಗನದು ಅಂದರೆ ವೈಟ್‌ಫೀಲ್ಡಿನ ಕಂಪನಿಯ ಸಂಬಳ. ಒಂದು ಬರೆದರೆ ಅಜ್ಜಿ ಕಡುಬಡವಿ, ಇನ್ನೊಂದು ಬರೆದರೆ ಓಣಿಗೇ ಶ್ರೀಮಂತೆ. ಎರಡೂ ನಿಜ. ಸರ್ಕಾರದ ಮೊಬೈಲಿನಲ್ಲಿ ಇರುವುದು ಒಂದೇ ಖಾನೆ.

ನಮ್ಮೂರು ಜಗಳೂರು ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಒಂದು ಕಡೆ ಚಿತ್ರದುರ್ಗ, ಇನ್ನೊಂದು ಕಡೆ ದಾವಣಗೆರೆ, ನಡುವೆ ಮಳೆಯೂ ರೈಲೂ ಮರೆತ ಊರು. 1997ರ ಆಗಸ್ಟ್ 15ರಂದು ಚನ್ನಗಿರಿ ಕಡೆಯವರೇ ಆದ ಮುಖ್ಯಮಂತ್ರಿ ಜೆ.ಎಚ್. ಪಟೇಲರು ದಾವಣಗೆರೆಯನ್ನು ಜಿಲ್ಲೆ ಮಾಡಿದಾಗ, ನಾವು ದುರ್ಗದ ಜಿಲ್ಲೆಯವರಾಗಿ ಮಲಗಿ ದಾವಣಗೆರೆ ಜಿಲ್ಲೆಯವರಾಗಿ ಎದ್ದೆವು. ಚನ್ನಗಿರಿ, ಹೊನ್ನಾಳಿಯವರಿಗೆ ಭದ್ರಾ ನಾಲೆ, ತುಂಗಭದ್ರೆ ಎಲ್ಲ ಇತ್ತು. ನಮಗೆ ಆಕಾಶವಿತ್ತು. ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಪಟ್ಟಿ ಮಾಡಿದಾಗ ಅದರಲ್ಲಿ ನಮ್ಮ ಹೆಸರೂ ಇತ್ತು. ನಮಗದು ಸುದ್ದಿಯಾಗಿ ಕಾಣಲೇ ಇಲ್ಲ. ನಮ್ಮೂರಿಗೂ ಒಂದು ಗತ್ತಿನ ಕಾಲವಿತ್ತು ಎಂದು ಹಿರಿಯರು ನೆನೆಯುತ್ತಿದ್ದುದು ಜೆ. ಮಹಮದ್ ಇಮಾಂ ಸಾಹೇಬರ ಹೆಸರು ಬಂದಾಗ. 1957ರಲ್ಲಿ ಒಮ್ಮೆ, 1967ರಲ್ಲಿ ಇನ್ನೊಮ್ಮೆ, ಕಾಂಗ್ರೆಸ್ಸಿನ ಎದುರು ನಿಂತು ಚಿತ್ರದುರ್ಗದಿಂದ ಲೋಕಸಭೆಗೆ ಗೆದ್ದುಹೋದವರು.

ಓಣಿ ಎಂದೆನಲ್ಲ, ಅದು ಎರಡು ಗಾಡಿ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕಾದ ಓಣಿ. ಎರಡೂ ಬದಿಗೆ ತುಕ್ಕು ಬಣ್ಣದ ಕಲ್ಲಿನ ಗೋಡೆ, ಮೇಲೆ ಕರಲು ಮಣ್ಣು ಹಾಕಿದ ಮಾಳಿಗೆ. ಮಾಳಿಗೆಯಿಂದ ಮಾಳಿಗೆಗೆ ದಾಟುತ್ತ ಓಣಿಯ ಈ ತುದಿಯಿಂದ ಆ ತುದಿಗೆ ಹೋಗಬಹುದಿತ್ತು. ಬೇಸಿಗೆಯ ರಾತ್ರಿ ಎಲ್ಲ ಮನೆಯವರ ಹಾಸಿಗೆ ಮೇಲೆಯೇ. ಮೊದಲನೇ ಮನೆ ದರ್ಜಿಯವರದು, ಆಮೇಲೆ ಕಿರಾಣಿ ಅಂಗಡಿ ಶೆಟ್ಟರದು, ಪಕ್ಕಕ್ಕೆ ಹಾಸಿಗೆಯ ಹತ್ತಿ ಹಿಂಜುವ ಪಿಂಜಾರ ಸಾಬರದು. ನಾಯಕರ ಮನೆಯ ಯಜಮಾನ ಪೊಲೀಸ್ ಪೇದೆ. ಅಪ್ಪನ ಪಾಲಿಗೆ ಮೂರು ಎಕರೆ ಎರೆ ಹೊಲ, ಒಂದೂವರೆ ಎತ್ತು. ಅರ್ಧ ಎತ್ತೆಂದರೆ ಚಿಕ್ಕಪ್ಪನ ಜೊತೆ ಪಾಲಿನದು. ಸಾಬರು ಬೆಳಿಗ್ಗೆ ಬಿಲ್ಲು ಹೆಗಲಿಗೇರಿಸಿ ಹೊರಟರೆ ಅದರ ತಂತಿಯ ಟುಂಯ್ ಟುಂಯ್ ಸದ್ದು ಓಣಿಯ ಕೊನೆಯವರೆಗೂ ಕೇಳುತ್ತಿತ್ತು. ಮಕ್ಕಳು ಎಷ್ಟು ಎಂದು ಎಣಿಸುವ ಪದ್ಧತಿ ಇರಲಿಲ್ಲ. ರಾತ್ರಿ ಊಟಕ್ಕೆ ಕರೆದಾಗ ಯಾವ ಮನೆಗೆ ಯಾವುದು ಬಂತೋ ಅದೇ ಲೆಕ್ಕ.

ಈ ಓಣಿ ನಡೆಯುತ್ತಿದ್ದುದು ಸಂಬಳದಿಂದಲ್ಲ, ಕೈಗಡದಿಂದ.

ಕೈಗಡಕ್ಕೆ ಬರೆದಿಡದ ಕಾನೂನುಗಳಿದ್ದವು. ಹಿಟ್ಟನ್ನು ಪಾವಿನಲ್ಲಿ ತಲೆ ಸವರಿ ಕೊಡುತ್ತಿದ್ದರು, ತಿರುಗಿ ಕೊಡುವಾಗ ಗೋಪುರ ಮಾಡಿ ಕೊಡಬೇಕು. ಆ ಗೋಪುರವೇ ಬಡ್ಡಿ. ತಂದ ಪಾತ್ರೆಯನ್ನು ಬರಿದಾಗಿ ವಾಪಸು ಕಳಿಸುವಂತಿಲ್ಲ, ನಾಲ್ಕು ಕಾಳು ಶೇಂಗಾವಾದರೂ ಹಾಕಬೇಕು. ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು ಕೊಡುವ ಹಾಗಿಲ್ಲ. ಆದರೆ ಕೇಳಿದವರನ್ನು ಬರಿಗೈಲಿ ಕಳಿಸುವ ಹಾಗೂ ಇಲ್ಲ. ಅದಕ್ಕೆ ಅವ್ವ ಉಪ್ಪಿನ ಬದಲು ಉಪ್ಪು ಹಾಕಿದ ಚಟ್ನಿಪುಡಿ ಕೊಟ್ಟು ಲಕ್ಷ್ಮಿಯನ್ನೂ ನೆರೆಯವರನ್ನೂ ಒಟ್ಟಿಗೆ ಉಳಿಸಿಕೊಳ್ಳುತ್ತಿದ್ದಳು. ಬೆಳಿಗ್ಗೆ ಒಲೆ ಹೊತ್ತಿಸಲು ಕೆಂಡವೂ ಕಡವೇ. ಕುಳ್ಳಿನ ಚೂರಿನ ಮೇಲೆ ಕೆಂಡ ಇಟ್ಟುಕೊಂಡು ಊದುತ್ತ ಓಣಿ ದಾಟುವುದು ಹುಡುಗಿಯರ ಕೆಲಸ. ಮೊಸರಿಗೆ ಹೆಪ್ಪು, ದೀಪಕ್ಕೆ ಒಂದು ಮಿಳ್ಳೆ ಸೀಮೆಎಣ್ಣೆ, ಬಾಣಂತಿಗೆ ಬಜೆ, ಹೆಣ್ಣು ನೋಡಲು ಬಂದಾಗ ಶೆಟ್ಟರ ಮನೆಯ ಕುರ್ಚಿ, ಆ ಹೆಣ್ಣಿನ ಕಿವಿಗೆ ಪೇದೆಯ ಹೆಂಡತಿಯ ಬೆಂಡೋಲೆ. ನಮ್ಮಕ್ಕನನ್ನು ನೋಡಲು ಬಂದ ಗಂಡಿನವರು ಮೆಚ್ಚಿದ್ದರಲ್ಲಿ ಅರ್ಧಕ್ಕರ್ಧ ಕಡ ತಂದ ಸಾಮಾನು. ಮದುವೆಯಾದ ಮೇಲೆ ಭಾವ ಇದನ್ನು ಪತ್ತೆ ಮಾಡಿದರು. ಅಷ್ಟರಲ್ಲಿ ಅವರ ಅಂಗಿಯೂ ಅವತ್ತು ತಮ್ಮನದಾಗಿತ್ತೆಂದು ಅಕ್ಕ ಪತ್ತೆ ಮಾಡಿದ್ದಳು.

ಅವ್ವನ ಲೆಕ್ಕ ಅಡಿಗೆಮನೆಯ ಬಾಗಿಲ ಹಿಂದೆ ಇರುತ್ತಿತ್ತು. ಇದ್ದಲಿನಿಂದ ಎಳೆದ ಅಡ್ಡಗೀಟು ಅಂದರೆ ಕೊಟ್ಟದ್ದು, ಉದ್ದಗೀಟು ಅಂದರೆ ತಂದದ್ದು. ಯಾರಿಗೆ, ಯಾರಿಂದ ಎಂಬುದು ಗೀಟು ಇದ್ದ ಜಾಗದಿಂದ ಗೊತ್ತಾಗುತ್ತಿತ್ತು. ಅಗುಳಿಯ ಬಳಿ ಇದ್ದರೆ ದರ್ಜಿಯವರು, ಕೆಳಗೆ ಇಲಿ ಕಡಿದ ತೂತಿನ ಪಕ್ಕಕ್ಕಿದ್ದರೆ ಸಾಬರ ಮನೆಯವರು. ಬ್ಯಾಂಕಿಗೆ ಸೇರಿದ ಹೊಸತರಲ್ಲಿ ನಾನು ನಾಮೆ, ಜಮೆ ಎಂದೆಲ್ಲ ಆಕೆಗೆ ವಿವರಿಸಲು ಹೋದೆ. ಎಲ್ಲ ಕೇಳಿ, "ನಿಮ್ಮ ಬ್ಯಾಂಕಿನಾಗೆ ಎಲ್ಲಾ ಗೀಟೂ ಅಳಿಸಿದ್ರೆ ಖುಷಿ ಪಡ್ತಾರಾ?" ಎಂದು ಕೇಳಿದಳು. ಹೌದು, ಸಾಲ ತೀರಿದರೆ ಖುಷಿಯೇ ಅಲ್ಲವೇ ಎಂದೆ. "ಹಂಗಾರೆ ಆಮ್ಯಾಲೆ ಅವ್ರು ಯಾಕ್ ಬರ್ತಾರೆ ನಿಮ್ ತಾವ?" ಎಂದಳು. ಅವ್ವ ಯಾವ ಮನೆಯ ಕಡವನ್ನೂ ಪೂರ್ತಿ ತೀರಿಸುತ್ತಿರಲಿಲ್ಲ, ತೀರಿಸಲು ಬಿಡುತ್ತಲೂ ಇರಲಿಲ್ಲ. ಒಂದಾದರೂ ಗೀಟು ಬಾಗಿಲ ಮೇಲೆ ಉಳಿದಿರಬೇಕು.

ಹಳೆಯದೆಲ್ಲ ಚಿನ್ನವಾಗಿತ್ತೆಂದು ಬರೆಯುವುದು ಈ ಬಗೆಯ ಬರಹಗಳ ಚಾಳಿ. ಅದನ್ನು ಇಲ್ಲಿ ಮಾಡಲಾರೆ. ನಮ್ಮ ಓಣಿಯ ಕೊನೆಗೆ ತಿರುಗಿದರೆ ಇನ್ನೊಂದು ಕೇರಿ ಇತ್ತು. ಅಲ್ಲಿಯವರು ನಮ್ಮಲ್ಲಿ ಕಡ ಕೇಳುತ್ತಿರಲಿಲ್ಲ, ಕೂಲಿಯ ಬಾಕಿ ಕೇಳುತ್ತಿದ್ದರು. ಅದನ್ನು ನಮ್ಮವರು ಪಾವಿನಿಂದ ಅವರ ಮೊರಕ್ಕೆ, ತಾಗದಷ್ಟು ಎತ್ತರದಿಂದ ಸುರಿಯುತ್ತಿದ್ದರು. ಅವ್ವನ ಬಾಗಿಲಿನ ಮೇಲೆ ಆ ಕೇರಿಗೆ ಜಾಗವಿರಲಿಲ್ಲ. ಆ ಕೇರಿಯ ಮನೆಗಳ ಹೊಗೆ ಎಷ್ಟೊತ್ತಿಗೆ ಏಳುತ್ತದೆಂದು ಆಕೆ ಯಾವತ್ತೂ ನೋಡಿದವಳಲ್ಲ. ಸಮೀಕ್ಷೆಗೆಂದು ಬಂದು ನನ್ನ ಕಟ್ಟೆಯ ಮೇಲೆ ಕೂತ ಮೇಷ್ಟ್ರು ಆ ಕೇರಿಯವರು. ಅಲ್ಲಿಂದ ಈಗ ಮೇಷ್ಟ್ರುಗಳಾಗಿದ್ದಾರೆ, ನರ್ಸುಗಳಾಗಿದ್ದಾರೆ, ಒಬ್ಬರು ಇಂಜಿನಿಯರು. ಈ ಐವತ್ತು ವರ್ಷಗಳಲ್ಲಿ ನಮ್ಮೂರಿನಲ್ಲಿ ಆದ ನಿಜವಾದ ಆದಾಯದ ಏರಿಕೆ ಎಂದರೆ ಅದು. ನಮ್ಮ ಓಣಿ ಬರಿದಾದ ದುಃಖವನ್ನು ಆ ಏರಿಕೆಯ ಎದುರು ತೂಗಿದರೆ ನನ್ನದೇ ಹಗುರವಾಗುತ್ತದೆ. ಆದರೂ ದುಃಖ ದುಃಖವೇ.

ಬರ ಬಂದಾಗ ಕೈಗಡವೂ ನಿಲ್ಲುತ್ತಿತ್ತು. ಎಲ್ಲರ ಹಗೇವೂ ಒಟ್ಟಿಗೇ ಬರಿದಾದರೆ ಯಾರು ಯಾರಿಗೆ ಕೊಡುವುದು? 1972ರ ಬರದಲ್ಲಿ ಅವ್ವನ ಬಾಗಿಲಿನ ಮೇಲೆ ಒಂದೂ ಹೊಸ ಗೀಟು ಬೀಳಲಿಲ್ಲ. ಹುಡುಗರೆಲ್ಲ ಸೇರಿ ಕೆಸರಿನ ಮಳೆರಾಯನನ್ನು ಮಾಡಿ, ಮಣೆಯ ಮೇಲಿಟ್ಟು, ಬೇವಿನ ಸೊಪ್ಪು ಸುತ್ತಿ ಒಬ್ಬನ ತಲೆಯ ಮೇಲೆ ಹೊರಿಸಿ ಮನೆಮನೆಗೆ ಹೋಗುತ್ತಿದ್ದೆವು. ಹೆಂಗಸರು ಮೇಲಿಂದ ನೀರು ಸುರಿಯಬೇಕು, ಒಂದು ಹಿಡಿ ಹಿಟ್ಟು ಕೊಡಬೇಕು. ಆ ವರ್ಷ ಸುರಿಯಲು ನೀರಿಲ್ಲದೆ ಶೆಟ್ಟರ ಹೆಂಡತಿ ಬರೀ ಚೊಂಬನ್ನು ಬಗ್ಗಿಸಿ ನೀರು ಸುರಿದ ಹಾಗೆ ಮಾಡಿದಳು. ಮಳೆರಾಯನಿಗೆ ಅರ್ಥವಾಗಲಿಲ್ಲವೆಂದು ಕಾಣುತ್ತದೆ. ಇವತ್ತು ಬರ ಬಂದರೂ ಮಳೆರಾಯನನ್ನು ಹೊರಲು ನಮ್ಮ ಓಣಿಯಲ್ಲಿ ಒಂದು ತಲೆ ಸಿಕ್ಕುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಸಾರಿದಾಗ ಇದನ್ನು ಕಣ್ಣಾರೆ ಕಂಡೆ. ಕರ್ನಾಟಕದ ಹೆಂಗಸೊಬ್ಬಳಿಗೆ ಸರಾಸರಿ 1.7 ಮಕ್ಕಳು ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ನಮ್ಮ ಓಣಿಯ ಪಾಲಿನ ಆ ಒಂದೂ ಮುಕ್ಕಾಲು ಮಕ್ಕಳು ಇರುವುದು ಬೆಂಗಳೂರಿನಲ್ಲಿ.

ಅಮೆರಿಕ ಎಂಬ ದೇಶ ನಮಗೆ ಮೊದಲು ಪರಿಚಯವಾದದ್ದೂ ಹಸಿವಿನ ಕಾಲದಲ್ಲಿಯೇ. ಶಾಲೆಯಲ್ಲಿ ಕೇರ್ ಸಂಸ್ಥೆಯವರ ಗೋಧಿ ಉಪ್ಪಿಟ್ಟು, ಬಿಸಿನೀರಿಗೆ ಕದಡಿದ ಹಾಲಿನ ಪುಡಿ. ಆ ಉಪ್ಪಿಟ್ಟನ್ನು ಮುತ್ತುಗದ ಎಲೆಯಲ್ಲಿ ಕಟ್ಟಿಕೊಂಡು ಮನೆಗೆ ತಂದರೆ ಅವ್ವ ಅದರಲ್ಲೂ ಒಂದು ಪಾಲು ಎತ್ತಿ ಪಕ್ಕದ ಮನೆಗೆ ಕಳಿಸುತ್ತಿದ್ದಳು. ಅಮೆರಿಕದ ಸರ್ಕಾರಕ್ಕೆ ತಾನು ನಮ್ಮ ಓಣಿಯ ಕೈಗಡಕ್ಕೂ ಬಂಡವಾಳ ಹಾಕಿದೆನೆಂದು ತಿಳಿದಿರಲಾರದು.

ಜನ ಹೊರಟದ್ದು ಯಾವಾಗ ಎಂದು ಗೆರೆ ಎಳೆದು ಹೇಳಲಾರೆ. ಮೊದಲು ಹೋದವರು ದಾವಣಗೆರೆಗೆ. ಕಾಟನ್ ಮಿಲ್ಲುಗಳ ಸೈರನ್ನು ಕೂಗುತ್ತಿದ್ದ ಕಾಲದಲ್ಲಿ ಅದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ದರ್ಜಿಯವರ ದೊಡ್ಡ ಮಗ ಮಿಲ್ಲಿಗೆ ಸೇರಿದ. ತಿಂಗಳಿಗೊಮ್ಮೆ ಬಂದಾಗ ಮಂಡಕ್ಕಿಯ ಚೀಲ ತರುತ್ತಿದ್ದ, ಅದು ಓಣಿಗೆಲ್ಲ ಹಂಚಿಕೆಯಾಗುತ್ತಿತ್ತು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಆತ ಊರಿಗೆ ಬರಲಿಲ್ಲ, ಬೆಂಗಳೂರಿನ ಗಾರ್ಮೆಂಟಿಗೆ ಹೋದ. ಹೊಲಗಳೂ ಬದಲಾದವು. ಶೇಂಗಾ, ಸಜ್ಜೆ, ನವಣೆ, ಜೋಳ ಹಾಕುತ್ತಿದ್ದ ಭೂಮಿಗೆ ಮೆಕ್ಕೆಜೋಳ ಬಂತು. ಶೇಂಗಾ ಸುಲಿಯುವುದೆಂದರೆ ಓಣಿಗೆ ಓಣಿಯೇ ಕಟ್ಟೆಯ ಮೇಲೆ ಕೂತು ಮಾತಾಡುವ ಕೆಲಸ. ಮೆಕ್ಕೆಜೋಳ ಮಷೀನಿಗೆ ಹೋಗಿ ಲಾರಿ ಹತ್ತುತ್ತದೆ, ಕೋಳಿಯ ಆಹಾರವಾಗುತ್ತದೆ. ಮನೆಯ ಹಗೇವಿಗೆ ಅದರ ಸಂಬಂಧವಿಲ್ಲ, ಮಾತಿಗೂ ಇಲ್ಲ. ಮಳೆ ಹೋದ ವರ್ಷ ತಾಂಡಾಗಳಿಂದ, ಹಟ್ಟಿಗಳಿಂದ ಮಲೆನಾಡಿನ ಕಾಫಿ ತೋಟಗಳಿಗೆ ಜನ ಗುಳೆ ಹೋದರು. ದೇಶದಲ್ಲಿ ಉದ್ಯೋಗ ಖಾತ್ರಿ ಕಾಯ್ದೆ 2006ರಲ್ಲಿ ಜಾರಿಯಾದಾಗ ಕರ್ನಾಟಕದಲ್ಲಿ ಮೊದಲ ಸುತ್ತಿಗೆ ಆರಿಸಿದ್ದು ಐದೇ ಜಿಲ್ಲೆ: ಬೀದರ, ಗುಲ್ಬರ್ಗ, ರಾಯಚೂರು, ಚಿತ್ರದುರ್ಗ, ದಾವಣಗೆರೆ. ಹಳೆಯ ಜಿಲ್ಲೆಯಲ್ಲಿದ್ದಿದ್ದರೂ ಹೊಸದರಲ್ಲಿದ್ದರೂ ನಾವು ಆ ಪಟ್ಟಿಯಿಂದ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಇನ್ನು ದುಡ್ಡಿನ ಮಾತು. ಓದಿದ ಮಕ್ಕಳು ಹೋದರು, ಓದದವರೂ ಹೋದರು. ದುಡ್ಡು ಬಂತು. ನಾನು ಕೌಂಟರಿನ ಹಿಂದೆ ಕೂತು ಅದು ಬರುವುದನ್ನು ನೋಡಿದವನು. ನಾನು ಸೇರಿದಾಗ ಚಿತ್ರದುರ್ಗ ಗ್ರಾಮೀಣ ಬ್ಯಾಂಕು ಎಂದಿದ್ದ ಬೋರ್ಡು 2005ರಲ್ಲಿ ಪ್ರಗತಿ ಗ್ರಾಮೀಣವಾಯಿತು, ಆಮೇಲೆ ಪ್ರಗತಿ ಕೃಷ್ಣ, ಕೊನೆಗೆ ಕರ್ನಾಟಕ ಗ್ರಾಮೀಣ ಎಂದಾಯಿತು. ಓಣಿಯವರು ಯಾವತ್ತೂ "ಗ್ರಾಮೀಣ" ಎಂದಷ್ಟೇ ಅಂದರು. ಪೇಂಟರಿಗೆ ಮಾತ್ರ ಲಾಭವಾಯಿತು. ಮೊದಲು ಪೋಸ್ಟ್‌ಮ್ಯಾನ್ ತರುತ್ತಿದ್ದ ಮನಿಯಾರ್ಡರು ಓಣಿಗೆಲ್ಲ ಗೊತ್ತಾಗುತ್ತಿತ್ತು. ಅವತ್ತು ಕಡ ತೀರುತ್ತಿತ್ತು, ಮಕ್ಕಳಿಗೆ ಬೆಲ್ಲ ಸಿಗುತ್ತಿತ್ತು. ಖಾತೆಗೆ ನೇರವಾಗಿ ಬಿದ್ದ ದುಡ್ಡು ಸದ್ದು ಮಾಡುವುದಿಲ್ಲ. ಪಾಸ್‌ಬುಕ್ಕಿನಲ್ಲಿ ಅಂಕಿ ಬೆಳೆದ ಹಾಗೆ ಕಲ್ಲಿನ ಗೋಡೆ ಹೋಗಿ ಆರ್‌ಸಿಸಿ ಬಂತು. ಮಾಳಿಗೆಗಳ ನಡುವೆ ಕೈಯಳತೆಯ ಸಂದು ಬಿಟ್ಟು ಕಟ್ಟಿದರು. ಈಗ ಒಂದರಿಂದ ಇನ್ನೊಂದಕ್ಕೆ ದಾಟಲು ಬರುವುದಿಲ್ಲ. ಗ್ಯಾಸ್ ಬಂದ ಮೇಲೆ ಕೆಂಡ ಬೇಡವಾಯಿತು, ಫ್ರಿಜ್ಜು ಬಂದ ಮೇಲೆ ಹೆಪ್ಪು ಬೇಡವಾಯಿತು. ಹಿಟ್ಟು ಪ್ಯಾಕೆಟ್ಟಿನಲ್ಲಿ ಬಂತು, ಅಕ್ಕಿ ನ್ಯಾಯಬೆಲೆ ಅಂಗಡಿಯಿಂದ ಬಂತು. 2027ರ ಜನಗಣತಿಯ ಮನೆಪಟ್ಟಿಗೆ ಸರ್ಕಾರ ಗೊತ್ತುಮಾಡಿದ 33 ಪ್ರಶ್ನೆಗಳಲ್ಲಿ ಮನೆಯವರು ಉಣ್ಣುವ ಮುಖ್ಯ ಧಾನ್ಯ ಯಾವುದು ಎಂಬುದೂ ಒಂದು. ನವಣೆ, ಸಜ್ಜೆ ಎಂದು ನಮ್ಮ ಓಣಿಯಿಂದ ಯಾರೂ ಬರೆಸಲಾರರು; ಸಕ್ಕರೆ ಕಾಯಿಲೆಗೆ ಡಾಕ್ಟರು ಹೇಳಿದ್ದಾರೆಂದು ಸಿರಿಧಾನ್ಯದ ಅಂಗಡಿಯಿಂದ ತರಿಸುವ ನಾನೊಬ್ಬ ಬಿಟ್ಟು.

ಒಂದು ದಿನ ಪಕ್ಕದ ಮನೆಗೆ ಕಾಫಿಪುಡಿ ಕೇಳಲು ಹೋಗಿದ್ದ ನನ್ನ ಹೆಂಡತಿ ಬರಿಗೈಲಿ ಬಂದಳು. ಅವರು ಇಲ್ಲವೆನ್ನಲಿಲ್ಲ. ಒಳಗಿಂದ ಬಂದ ಹೊಸ ಸೊಸೆ, "ಆಂಟಿ, ಆನ್‌ಲೈನಲ್ಲಿ ಹಾಕ್ಲಾ, ನಾಳೆ ಬರುತ್ತೆ" ಎಂದಳಂತೆ. ಪಾಪ, ಒಳ್ಳೆಯ ಹುಡುಗಿ. ಸಹಾಯ ಮಾಡುವುದೆಂದರೆ ಅವಳಿಗೆ ತಿಳಿದದ್ದು ಹಾಗೆ.

ಅಕ್ಕನ ಮೊಮ್ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಮನೆ ಕೊಳ್ಳುವ ಮೊದಲು ಆ ಬಡಾವಣೆಯ ಜಾತಕವನ್ನೆಲ್ಲ ಫೋನಿನಲ್ಲೇ ನೋಡಿದನಂತೆ. ಊರಿಗೆ ಬಂದಾಗ ನನಗೂ ತೋರಿಸಿದ. ಆ ದೇಶದವರು 1790ರಿಂದ ಜನಗಣತಿ ಮಾಡುತ್ತಿದ್ದಾರೆ, 1940ರಿಂದ ಆದಾಯವನ್ನೂ ಕೇಳುತ್ತಿದ್ದಾರೆ. ಊರುಗಳನ್ನು ಸುಮಾರು 4,000 ಜನರಿಗೊಂದರಂತೆ ತುಂಡು ಮಾಡಿ, ಒಂದೊಂದು ತುಂಡಿನಲ್ಲೂ ಮುದುಕರೆಷ್ಟು, ಮಕ್ಕಳೆಷ್ಟು, ಬಾಡಿಗೆಯವರೆಷ್ಟು, ಆದಾಯವೆಷ್ಟು ಎಂದು ವರ್ಷವರ್ಷ ಪ್ರಕಟಿಸುತ್ತಾರೆ. ನಮ್ಮ ದೇಶದ ಜನಗಣತಿ ಸೈಕಲ್ಲು, ಟೀವಿ ಕೇಳುತ್ತದೆಯೇ ಹೊರತು ಆದಾಯ ಕೇಳುವುದಿಲ್ಲ. "ಸರಾಸರಿ ನೋಡಬಾರದು ತಾತ, ಒಬ್ಬ ಸಾಹುಕಾರ ಇದ್ರೆ ಸಾಕು, ಲೆಕ್ಕ ಕೆಡುತ್ತೆ. ಮನೆಗಳನ್ನ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿ ನಡುವಿನ ಮನೆ ನೋಡ್ಬೇಕು" ಎಂದು ಪಾಠ ಮಾಡಿದ. ಸರಿಯಾದ ಮಾತೇ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಬೆಂಗಳೂರು ನಗರ ಜಿಲ್ಲೆಯೊಂದರದೇ ಆಗಿರುವಾಗ ಕರ್ನಾಟಕದ ತಲಾ ಆದಾಯ ಎಂಬ ಅಂಕಿ ಜಗಳೂರಿನವನಿಗೆ ಯಾವ ಲೆಕ್ಕಕ್ಕೆ?

ಅವನು ಹೇಳಿದ ಹಾಗೆ ನಮ್ಮ ಓಣಿಯನ್ನು ಮನಸ್ಸಿನಲ್ಲೇ ಸಾಲು ನಿಲ್ಲಿಸಿ ನೋಡಿದೆ. 1972ರಲ್ಲಿ ಮುಂದೆ ಶೆಟ್ಟರು, ಹಿಂದೆ ಸಾಬರು, ನಟ್ಟನಡುವೆ ದರ್ಜಿಯವರು. ಈಗ ನಿಲ್ಲಿಸಿದರೆ ನಡುವಿನ ಮನೆಗೆ ಬೀಗ. ಅಮೆರಿಕದ ಅಂಕಿಗಳಲ್ಲಿ ಖಾಲಿ ಮನೆಗಳದೂ ಒಂದು ಖಾನೆ ಇದೆಯಂತೆ. ಆ ಬಡಾವಣೆಯಲ್ಲಿ ನಿನ್ನ ಪಕ್ಕದ ಮನೆಯವರು ಯಾರೋ ಎಂದು ಕೇಳಿದೆ. ವಯಸ್ಸು, ಓದು, ಆದಾಯದ ಅಂದಾಜು ಎಲ್ಲ ಹೇಳಿದ. ಹೆಸರು ಗೊತ್ತಿರಲಿಲ್ಲ.

ಕಡ ಕೇಳುವ ಸಂಕಟ ತಪ್ಪಿತಲ್ಲ, ಅದು ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಿಯಾರು. ಪಾವು ಹಿಡಿದು ಇನ್ನೊಬ್ಬರ ಬಾಗಿಲಲ್ಲಿ ನಿಲ್ಲುವುದು ಹೆಂಗಸರಿಗೆ ಎಷ್ಟು ಕುಗ್ಗಿಸುವಂಥದೆಂದು ನಾನು ಬಲ್ಲೆ. ನಮ್ಮವ್ವ ಕೆಲವು ಸಲ ಹೊಸಿಲವರೆಗೆ ಹೋಗಿ ತಿರುಗಿ ಬಂದು ನೀರು ಕುಡಿದು ಮಲಗಿದ್ದಾಳೆ. ಆ ಸಂಕಟ ಪೂರ್ತಿ ತಪ್ಪಿದ್ದರೆ ಈ ಪ್ರಬಂಧ ಬರೆಯುವ ಹಕ್ಕು ನನಗೆ ಇರುತ್ತಿರಲಿಲ್ಲ. ಆದರೆ ಓಣಿಯಲ್ಲಿ ಉಳಿದವರ ಸಾಲ ನಿಲ್ಲಲಿಲ್ಲ, ವೇಷ ಬದಲಿಸಿತು. ಬೀಗ ಬಿದ್ದ ಎರಡು ಮನೆಗಳಲ್ಲಿ ಈಗ ಹಳ್ಳಿಗಳಿಂದ ಬಂದ ಬಾಡಿಗೆಯವರಿದ್ದಾರೆ. ಅವರಿಗೆ ಸಾಲ ಕೊಡುವುದು ಮೈಕ್ರೋ ಫೈನಾನ್ಸಿನವರು. ಹತ್ತು ಹೆಂಗಸರು ಗುಂಪಾಗಿ ಕೂರಬೇಕು, ವಾರಕ್ಕೊಮ್ಮೆ ಕಂತು ಕಟ್ಟಬೇಕು, ಒಬ್ಬಳು ತಪ್ಪಿದರೆ ಉಳಿದವರು ತುಂಬಬೇಕು. ಬಾಂಗ್ಲಾದೇಶದಲ್ಲಿ ಮಹಮ್ಮದ್ ಯೂನುಸ್ ಬಡವರ ನಡುವಿನ ನಂಬಿಕೆಯನ್ನೇ ಜಾಮೀನಾಗಿಸಿ ಬ್ಯಾಂಕು ಕಟ್ಟಿದರು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. ಆ ಜಾಮೀನು ವಸೂಲಿಯವರ ಕೈಗೆ ಬಂದಾಗ ಏನಾಗುತ್ತದೆಂದು ನಮ್ಮ ಓಣಿಯಲ್ಲಿ ನೋಡಬೇಕು. ಕಂತಿನ ದಿನ ಬೆಳಿಗ್ಗೆ ಒಬ್ಬಳು ಇನ್ನೊಬ್ಬಳ ಮನೆಯ ಮುಂದೆ ಕಾವಲು ಕೂರುತ್ತಾಳೆ, ಓಡಿಹೋಗದಿರಲೆಂದು. ಅವ್ವನೂ ನೆರೆಮನೆಯ ಹೊಗೆ ನೋಡುತ್ತಿದ್ದಳು. ಇವರೂ ನೆರೆಮನೆಯನ್ನೇ ನೋಡುತ್ತಾರೆ. ವಸೂಲಿಯ ಕಿರುಕುಳ ತಾಳಲಾರದೆ ರಾಜ್ಯದಲ್ಲಿ ಜನ ಊರು ಬಿಟ್ಟು, ಜೀವವನ್ನೂ ಬಿಟ್ಟ ಸುದ್ದಿಗಳು ಬಂದ ಮೇಲೆ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಕಿರುಕುಳಕ್ಕೆ ಕಾನೂನು ಬಂತು, ನೆರೆಹೊರೆಯ ನಡುವೆ ಬಿದ್ದ ಅನುಮಾನಕ್ಕೆ ಯಾವ ಕಾನೂನು ತರುವುದು?

ಈ ನಡುವೆ ನೀರೂ ಬಂದಿದೆ. ನಂಬಲು ನನಗೇ ಕಷ್ಟವಾಗುತ್ತದೆ. 2018ರಲ್ಲಿ ತರಳಬಾಳು ಹುಣ್ಣಿಮೆ ಜಗಳೂರಿನಲ್ಲಿ ನಡೆದಾಗ ಸಿರಿಗೆರೆಯ ಸ್ವಾಮಿಗಳು ಕೆರೆಗಳ ಮಾತೆತ್ತಿದರು. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆ ಬಂತು. ಪೈಪಿನಲ್ಲಿ ಹೊಳೆ ನಮ್ಮೂರ ಕಡೆಗೆ ಹತ್ತಿ ಬಂತು. ಇನ್ನೊಂದು ಕಡೆ ಭದ್ರಾ ಮೇಲ್ದಂಡೆಯ ಜಗಳೂರು ಶಾಖಾ ಕಾಲುವೆಗೆ ಜನ ಕಾಯುತ್ತಿದ್ದಾರೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಆ ಯೋಜನೆಗೆಂದು ಓದಿದ 5,300 ಕೋಟಿ ರೂಪಾಯಿಯ ವಿಷಯ ಇನ್ನೂ ಭಾಷಣಗಳಲ್ಲೇ ಹರಿಯುತ್ತಿದೆ. ಕೆರೆಗೆ ನೀರು ಬಂತೆಂದು ಅಡಿಕೆ ಸಸಿ ಬಂತು, ಅಡಿಕೆಯ ಹಿಂದೆ ಜಮೀನಿನ ದರ ಏರಿತು, ಜಮೀನಿನ ಹಿಂದೆ ಊರೊಳಗಿನ ಜಾಗದ ದರವೂ ಏರಿತು. ಬೀಗ ಹಾಕಿ ಹೋದವರು ಈಗ ಬರುತ್ತಾರೆ. ಅಳತೆ ಟೇಪು ಹಿಡಿದು ಬರುತ್ತಾರೆ, ಸಂಜೆಯ ಬಸ್ಸಿಗೆ ಹೋಗುತ್ತಾರೆ. ನಾವು ಮಳೆರಾಯನನ್ನು ಹೊತ್ತು ಬೇಡಿದ ನೀರು ನಾವೆಲ್ಲ ಹೋದ ಮೇಲೆ ಬಂತಲ್ಲ ಎಂದು ಎದುರು ಮನೆಯ ಅಜ್ಜಿಯ ಹತ್ತಿರ ಅಂದೆ. "ನಾನೆಲ್ಲಿ ಹೋಗೀನಪ್ಪಾ, ಇಲ್ಲೇ ಇದೀನಲ್ಲ" ಎಂದಳು.

ಸಮೀಕ್ಷೆಯ ಮೇಷ್ಟ್ರು ಕೊನೆಗೆ ಅಜ್ಜಿಯ ಆದಾಯದ ಖಾನೆಯಲ್ಲಿ ಏನು ತುಂಬಿದರೋ ನಾನು ಕೇಳಲಿಲ್ಲ. ಹೋಗುವ ಮೊದಲು ಅವರ ಮೊಬೈಲಿನ ಚಾರ್ಜು ಮುಗಿದಿತ್ತು. ಅಜ್ಜಿ ಒಳಗಿಂದ ಮಗ ಬಿಟ್ಟುಹೋದ ಚಾರ್ಜರು ತಂದುಕೊಟ್ಟಳು. ನಾಳೆ ತಂದುಕೊಡುತ್ತೇನಮ್ಮ ಎಂದು ಅವರು ಅದನ್ನು ಒಯ್ದರು. ಮಾರನೆಯ ದಿನ ತಂದುಕೊಟ್ಟರು, ಜೊತೆಗೆ ತಮ್ಮ ಹೊಲದ ಒಂದು ಸೇರು ಅಲಸಂದೆ. ಅಜ್ಜಿ ಅದನ್ನು ಸೆರಗಿನಲ್ಲಿ ಹಾಕಿಸಿಕೊಂಡಳು. ಕೈಗೆ ಕೈ ತಾಗಿತು. ಐವತ್ತು ವರ್ಷದ ಹಿಂದೆ ಇದೇ ಓಣಿಯಲ್ಲಿ ಇದು ಆಗುವ ಮಾತಾಗಿರಲಿಲ್ಲ.

ಇನ್ನು ನನ್ನ ಮನೆಯ ವಿಷಯ. ಅಡಿಕೆ ದುಡ್ಡಿನವರೊಬ್ಬರು ಕೇಳಿ ಹೋಗಿದ್ದಾರೆ. ಒಳ್ಳೆಯ ಬೆಲೆಯನ್ನೇ ಹೇಳಿದ್ದಾರೆ. ಮಗ, ಮಗಳು ಇಬ್ಬರೂ ಬೆಂಗಳೂರಿನಲ್ಲಿ ಮನೆ ಸಾಲ ಕಟ್ಟುತ್ತಿದ್ದಾರೆ, ಅವರಿಗೆ ಈ ದುಡ್ಡು ಬೇಕು. ನಾನಿರುವವರೆಗೆ ಬೇಡ ಎಂದಿದ್ದೇನೆ. ಆಮೇಲೆ ಮಾರುತ್ತಾರೆ, ಮಾರಲಿ. ಕೊಳ್ಳುವವರು ಮನೆ ಕೆಡವಿ ಕಟ್ಟುತ್ತಾರೆಂದೂ ಗೊತ್ತು. ಅದಕ್ಕೂ ನನ್ನ ತಕರಾರಿಲ್ಲ. ಅವರಲ್ಲಿ ಕೇಳಿಕೊಳ್ಳುವುದು ಒಂದೇ: ಗೃಹಪ್ರವೇಶವಾದ ವಾರದೊಳಗೆ ಎದುರು ಮನೆಗೆ ಹೋಗಿ ಏನಾದರೊಂದು ಕಡ ಕೇಳಿ. ಬೇಕಿಲ್ಲದಿದ್ದರೂ ಕೇಳಿ. ಸಂಜೆ ದೀಪ ಹಚ್ಚಿದ ಮೇಲೆ ಉಪ್ಪೊಂದನ್ನು ಬಿಟ್ಟು.